ಬನಹಟ್ಟಿಗೆ ಬಂದ ಕೆಚ್ಚುವ ಮಷಿನ್

ಧಾರವಾಡದಿಂದ ಬೆಳಿಗ್ಗೆ ಆರೂವರೆಯ ಬಸ್ಸಿಗೆ ಹೊರಟೆ. ತಂಗಿಯ ಮಗಳ ಮದುವೆಗೆ ಇಪ್ಪತ್ತು ಸೀರೆ ಬೇಕಿದ್ದವು. ನೇಯುವ ಊರಿಗೇ ಹೋಗಿ ತರುತ್ತೇನೆಂದು ಬಾಯಿ ಬಿಟ್ಟವಳು ನಾನೇ. ಹೆಂಗಸರಿಗೆ ಬಸ್ಸು ಪುಕ್ಕಟೆ. ಆದರೂ ಆಧಾರ್ ಕಾರ್ಡು ಮರೆತೆನೇನೋ ಎಂದು ಯರಗಟ್ಟಿ ಬರುವುದರೊಳಗೆ ನಾಲ್ಕು ಸಲ ಪರ್ಸು ತೆರೆದೆ. "ಕಾರ್ಡು ಅಲ್ಲೇ ಐತ್ರಿ ಅಕ್ಕಾರ, ಎಲ್ಲೂ ಹೋಗಿಲ್ಲ" ಎಂದ ಕಂಡಕ್ಟರ್.

ಲೋಕಾಪುರ ದಾಟಿದ ಮೇಲೆ ಕಬ್ಬೋ ಕಬ್ಬು. ಎರಡೆರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್‌ಗಳು ಜೋರಾಗಿ ಹಾಡು ಹಚ್ಚಿಕೊಂಡು ಸಮೀರವಾಡಿಯ ಸಕ್ಕರೆ ಕಾರ್ಖಾನೆಯ ಕಡೆಗೆ ಹೊರಟಿದ್ದವು. ಆ ಹೊರೆಯೆಲ್ಲ ನನ್ನ ತಲೆಯ ಮೇಲೆಯೇ ಬೀಳುವುದೆಂದು ಕಿಟಕಿ ಬಿಟ್ಟು ಸರಿದು ಕೂತೆ. ಮುಧೋಳದಲ್ಲಿ ಚಹಾ, ಎರಡು ಮಿರ್ಚಿ. ಜಮಖಂಡಿಯಲ್ಲಿ ಇಳಿದವಳು ಬಾಯಿ ತೆರೆದು ನಿಂತೆ. ಹತ್ತು ವರ್ಷದ ಹಿಂದೆ ಕಂಡ ಹಂಚಿನ ಮಾಡಿನ ಅಂಗಡಿಗಳ ಜಾಗದಲ್ಲಿ ಗಾಜಿನ ಮಳಿಗೆಗಳು, ಅವುಗಳ ನೆತ್ತಿಯ ಮೇಲೆ ಕೋಚಿಂಗ್ ಕ್ಲಾಸಿನ ಬೋರ್ಡುಗಳು.

ಅಲ್ಲಿಂದ ಬೇರೆ ಬಸ್ಸಿಗೆ ಬನಹಟ್ಟಿ, ಅರ್ಧ ತಾಸು. ಆ ಊರು ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತದೆ. ಓಣಿಗಳಲ್ಲಿ ಮನೆಮನೆಯ ಮಗ್ಗದ ಖಟಖಟ. ಊರ ಹೊರಗೆ ಹೊಸ ಶೆಡ್‌ಗಳು, ಒಂದೊಂದೂ ಬಸ್ ಸ್ಟ್ಯಾಂಡಿನಷ್ಟು ಉದ್ದ, ಒಬ್ಬನೇ ಆರಾರು ಮಗ್ಗ ನೋಡಿಕೊಳ್ಳುತ್ತಾನೆ. ಅಂಥದೊಂದು ಶೆಡ್ಡಿನ ಸಾವಕಾರ ಮಲ್ಲಪ್ಪನವರು ನಮಗೆ ಹಳೆಯ ಪರಿಚಯ. ಸೀರೆ ಆರಿಸಿದ ಮೇಲೆ, "ಒಳಗ ಬರ್ರಿ, ಇವತ್ತ ಹೊಸಾದೊಂದು ಬಂದೈತಿ" ಎಂದರು.

ಮಗ್ಗದ ಮೇಲೆ ಉದ್ದಕ್ಕೆ ಹಾಸಿದ ಎಳೆಗಳು, ಅಂದರೆ ಹಾಸು, ಮುಗಿದಾಗ ಹಳೆಯ ಎಳೆಯ ತುದಿಗೆ ಹೊಸ ಎಳೆಯ ತುದಿ ಕೂಡಿಸಬೇಕು, ಒಂದೊಂದಾಗಿ, ಸಾವಿರಾರು. ಇದಕ್ಕೆ ಕೆಚ್ಚುವುದು ಎನ್ನುತ್ತಾರೆ. ಇಬ್ಬರು ಹೆಂಗಸರು ಒಂದು ಮಗ್ಗದ ಮುಂದೆ ಕೂತು ಕೆಚ್ಚುತ್ತಿದ್ದರು. ಬೀಳಗಿ ಕಡೆಯಿಂದ ಮದುವೆಯಾಗಿ ಬಂದ ಕಸ್ತೂರಿ, ಮತ್ತು ಆಕೆಗೆ ಈ ಕೆಲಸ ಕಲಿಸಿದ, ಅರವತ್ತು ದಾಟಿದ ಶಾಂತವ್ವ. ಬೆರಳಿಗೆ ಬೂದಿ, ಎರಡು ತುದಿ, ಒಂದು ಹೊಸೆತ. ನಾನು ಕಣ್ಣು ಮಿಟುಕಿಸುವುದರೊಳಗೆ ಎಳೆ ಕೂಡಿರುತ್ತಿತ್ತು. ಅಷ್ಟು ಚುರುಕಾದರೂ ಒಂದು ಹಾಸು ಕೆಚ್ಚಲು ಇಬ್ಬರಿಗೆ ಇಡೀ ದಿನ ಬೇಕಂತೆ.

ಪಕ್ಕದ ಮಗ್ಗದಲ್ಲಿ ಹೊಲಿಗೆ ಯಂತ್ರದಷ್ಟು ದೊಡ್ಡ ಮಷಿನೊಂದು ಅದೇ ಕೆಲಸ ಮಾಡುತ್ತ ಏಡಿಯ ಹಾಗೆ ಎಳೆಗಳ ಮೇಲೆ ಸರಿಯುತ್ತಿತ್ತು. ಅದನ್ನು ಮಾರಿದ ಕಂಪನಿಯ ಇಚಲಕರಂಜಿಯವನೊಬ್ಬ ನಡೆಸಿ ತೋರಿಸುತ್ತಿದ್ದ. ನನ್ನ ಚಹಾ ಮುಗಿಯುವುದರೊಳಗೆ ಕಾಲು ಭಾಗ ಕೂಡಿಸಿಬಿಟ್ಟಿತ್ತು. ಮಲ್ಲಪ್ಪನವರು ಅದನ್ನು ಕೊಂಡಿದ್ದರು. ಬಾಡಿಗೆಗೆ ಊರಿನ ಶೆಡ್ಡಿನಿಂದ ಶೆಡ್ಡಿಗೆ ಒಯ್ದು ನಡೆಸಲು ಒಬ್ಬರು ಬೇಕಿತ್ತು.

"ಸಾವಕಾರ್ರ, ಆ ಕೆಲಸ ನನಗ ಕೊಡ್ರಿ" ಎಂದಳು ಕಸ್ತೂರಿ, ಕೈ ನಿಲ್ಲಿಸದೆ.

ನನಗೆ ಸುಮ್ಮನಿರಲಾಗಲಿಲ್ಲ. "ಗೊತ್ತಿದ್ದ ಕೆಲಸ ಬಿಟ್ಟು ಮಷಿನ್ ಯಾಕವ್ವಾ? ಬೆರಳು ಗಿರಳು ಸಿಕ್ಕೀತು."

"ಇದು ಬಂದ ಮ್ಯಾಲ ನಮ್ಮ ಬೆರಳ ಯಾರ ಕೇಳತಾರ್ರಿ? ನೀವೇನ ಧಾರವಾಡದಿಂದ ನಡಕೋತ ಬಂದೀರೇನು?"

ಶಾಂತವ್ವ ಸೆರಗು ಬಾಯಿಗೊತ್ತಿ ನಕ್ಕಳು.

ಅಷ್ಟರಲ್ಲಿ ಮಷಿನ್ ನಿಂತಿತು. ಇಚಲಕರಂಜಿಯವನು ಬಗ್ಗಿ ಹುಡುಕಿದ, ಏನೂ ಕಾಣಲಿಲ್ಲ. ಕಸ್ತೂರಿ ಎದ್ದು ಬಂದು ಎಳೆಗಳ ಮೇಲೆ ಒಮ್ಮೆ ಕೈಯಾಡಿಸಿದಳು. "ಇಲ್ಲಿ ಎರಡೆಳಿ ಅಂಟಿಕೊಂಡಾವ ನೋಡ್ರಿ." ಉಗುರಿನಿಂದ ಬಿಡಿಸಿದಳು. ಮಷಿನ್ ಮತ್ತೆ ಹೊರಟಿತು. ಕಣ್ಣಿಗೂ ಕಾಣದ್ದು ಬೆರಳಿಗೆ ಹೇಗೆ ಕಂಡಿತೋ!

"ಶಾಣ್ಯಾಕಿ ಅದಿ, ಖರೆ" ಎಂದರು ಮಲ್ಲಪ್ಪನವರು. "ಆದರ ಇದನ್ನ ಬೈಕಿನ ಮ್ಯಾಲ ಊರೆಲ್ಲಾ ಒಯ್ಯಬೇಕು. ಬೈಕ್ ಬರತೈತೇನ ನಿನಗ?"

"ನಿಮಗ ಕಾರ್ ಬರತೈತೇನ್ರಿ? ಡ್ರೈವರ್ ಇಟ್ಟೀರಿಲ್ಲ? ಬೈಕ್ ನನ್ನ ಗಂಡ ಹೊಡೀತಾನ, ಮಷಿನ್ ನಾ ಹೊಡೀತೀನಿ."

ಶೆಡ್ಡಿಗೆ ಶೆಡ್ಡೇ ನಕ್ಕಿತು. ಕೊನೆಗೆ ಸಾವಕಾರರೂ ನಕ್ಕರು. "ಆತು, ಇವತ್ತ ಕಲಿ. ನಾಳಿಂದ ಹೊಂಡು."

ಶಾಂತವ್ವ ಎಲ್ಲರಿಗಿಂತ ಜೋರಾಗಿ ನಕ್ಕಿದ್ದಳು. ನಗು ಇಳಿದ ಮೇಲೆ ಇಚಲಕರಂಜಿಯವನನ್ನು ಮೆಲ್ಲಗೆ ಕೇಳಿದಳು, "ಇದಕ್ಕ ಇಬ್ಬರು ಬೇಕೇನ್ರಿ?"

"ಒಬ್ಬರ ಸಾಕು ಆಯಿ" ಎಂದ ಅವನು ಹೆಮ್ಮೆಯಿಂದ, ಮಷಿನನ್ನು ತಟ್ಟಿ.

ಕಸ್ತೂರಿ ಆಕೆಯ ಕಡೆ ನೋಡಲಿಲ್ಲ.

ರಾತ್ರಿ ಅಲ್ಲೇ ಲಾಡ್ಜಿನಲ್ಲಿ ಉಳಿದು, ಮರುದಿನ ಎಂಟಕ್ಕೆ ಸೀರೆಯ ಗಂಟು ಹಿಡಿದು ಬಸ್ಸಿಗೆ ನಿಂತೆ. ಎದುರಿಗೆ ಬೈಕೊಂದು ಹಾದುಹೋಯಿತು. ಮುಂದೆ ಗಂಡ, ಹಿಂದೆ ಕಸ್ತೂರಿ. ಆಕೆ ಚಾದರದಲ್ಲಿ ಸುತ್ತಿ ಎರಡೂ ಕೈಯಿಂದ ತಬ್ಬಿಕೊಂಡದ್ದು ಮಷಿನನ್ನು, ಗಂಡನನ್ನಲ್ಲ. ನನ್ನನ್ನು ಕಂಡು ಗದ್ದದಿಂದಲೇ ನಮಸ್ಕಾರ ಮಾಡಿದಳು.

ಬಸ್ಸಿನಲ್ಲಿ ನನ್ನ ಪಕ್ಕಕ್ಕೆ ಬಂದು ಕೂತವಳು ಶಾಂತವ್ವ.

"ಎಲ್ಲಿಗೆ ಹೊಂಟೀರಿ?" ಎಂದು ಕೇಳಿದೆ.

"ಮಹಾಲಿಂಗಪುರಕ್ರಿ. ಅಲ್ಲಿ ಸಣ್ಣ ಮಗ್ಗದವರು ಭಾಳ ಮಂದಿ ಅದಾರ. ಮಷಿನ್ ಇನ್ನೂ ಬಂದಿಲ್ಲಂತ."

"ಬಂದರ?" ನನ್ನ ಬಾಯಿ ಸುಮ್ಮನಿರಬೇಕಲ್ಲ.

"ಬರೂದರೊಳಗ ಎಷ್ಟ ಆಗತೈತೋ ಅಷ್ಟ ಕೆಚ್ಚೂದ್ರಿ."

ಮಹಾಲಿಂಗಪುರದಲ್ಲಿ ಬಸ್ಸು ಪೂರ್ತಿ ನಿಲ್ಲುವ ಮೊದಲೇ ಆಕೆ ಇಳಿದಳು. ತಿರುಗಿ ನೋಡಿದೆ. ಇನ್ನು ಸ್ವಲ್ಪವಾದರೆ ಓಡುತ್ತಾಳೆ ಎನ್ನುವ ಹಾಗೆ, ಮಗ್ಗದ ಸದ್ದು ಬರುತ್ತಿದ್ದ ಓಣಿಯ ಕಡೆಗೆ ನಡೆಯುತ್ತಿದ್ದಳು.