ಆಟಿ ಹದಿನೆಂಟರ ಪಾಯಸ

ನಾನು ಚಿಕ್ಕವನಿದ್ದಾಗ, ಅಂದರೆ ಬಿಳಿಯರು ಕೊಡಗನ್ನು ಆಳುತ್ತಿದ್ದ ಕಾಲದಲ್ಲಿ, ಮಳೆಗಾಲ ಬರುವ ಮೊದಲೇ ಅಪ್ಪನಿಗೆ ಗಡಿಬಿಡಿ. ಸಂಪಾಜೆಯಲ್ಲಿ ಹೊಳೆ ಉಕ್ಕಿದರೆ ಮರದ ಪಾಲ, ಅಂದರೆ ಕಾಲುಸೇತುವೆ, ಕೊಚ್ಚಿಹೋಗಿ ದಾಟುವ ದಾರಿಯೇ ಇರುತ್ತಿರಲಿಲ್ಲ. ಡಾಕ್ಟರು ಇದ್ದದ್ದು ಆಚೆ ದಡದಲ್ಲಿ. ಅದಕ್ಕೇ ಉಪ್ಪು, ಒಣಮೀನು, ಸೌದೆಯ ಜೊತೆ ಆಗ ಅಂಚೆ ಕಚೇರಿಯಲ್ಲೇ ಮಾರುತ್ತಿದ್ದ ಚಳಿಜ್ವರದ ಮದ್ದು ಕ್ವಿನೈನ್ ಪೊಟ್ಟಣಗಳನ್ನೂ ತಂದಿಡುತ್ತಿದ್ದರು. "ಹೊಳೆ ಬಂದ ಮೇಲೆ ಯಾರೂ ಬರುದಿಲ್ಲ ಮಕ್ಕಳೇ" ಎನ್ನುತ್ತಿದ್ದರು.

ಮಳೆ ಜೋರಾಗಿರುವ ಆಟಿ ತಿಂಗಳ ಹದಿನೆಂಟರಂದು ಎಲ್ಲರೂ ಮದ್ದುಸೊಪ್ಪಿನ ಪಾಯಸ ತಿನ್ನಲೇಬೇಕು, ವರ್ಷವಿಡೀ ಕಾಯಿಲೆ ಬರಬಾರದೆಂದು. ಸೊಪ್ಪು ಬೇಯುವಾಗ ಮನೆಯೆಲ್ಲ ಘಮ್ಮೆನ್ನುತ್ತಿತ್ತು. ತಿಂದ ಮಾರನೆಯ ದಿನ ಮೂತ್ರ ಕೆಂಪಗೆ ಹೋಗುತ್ತದೆ. ನಗಬೇಡಿ ಮಕ್ಕಳೇ! ಹಾಗೆ ಹೋದರೇ ಮದ್ದು ಮೈಗೆ ಹಿಡಿದ ಗುರುತು.

ಆ ವರ್ಷ ಅಕ್ಕನಿಗೆ ಚಳಿಜ್ವರ. ಕ್ವಿನೈನ್ ನುಂಗಿ ನುಂಗಿ ಬಾಯೆಲ್ಲ ಕಹಿಯಾಗಿತ್ತು. ಅಮ್ಮ ಕೊಟ್ಟ ಪಾಯಸದ ಬಟ್ಟಲನ್ನು ಅವಳು ಮೆಲ್ಲನೆ ನನ್ನ ಕಡೆ ತಳ್ಳಿದಳು. ನಾನೋ ಹೊಟ್ಟೆಬಾಕ. ಬೆಲ್ಲ, ತೆಂಗಿನ ತುರಿ ಒಂದೂ ಬಿಡದೆ ನೆಕ್ಕಿ ಇಟ್ಟೆ. ಖಾಲಿ ಬಟ್ಟಲು ನೋಡಿ, ಮಗಳು ತಿಂದಳೆಂದು ಅಮ್ಮನಿಗೆ ಖುಷಿಯೋ ಖುಷಿ.

ಮರುದಿನ ಬೆಳಿಗ್ಗೆ ಅಕ್ಕ ಹೆದರಿಕೊಂಡು ಒಳಗೆ ಬಂದಳು. "ಅಪ್ಪಾ, ಕೆಂಪು ಹೋಯ್ತು."

ಅಪ್ಪ ಜೋರಾಗಿ ನಕ್ಕರು. "ಎಂತಕ್ಕೆ ಹೆದರುದು ಮಾರಾಯ್ತಿ, ಮದ್ದು ಸರಿಯಾಗಿ ಹಿಡಿದದೆ!"

ಅಕ್ಕ ನನ್ನ ಮುಖ ನೋಡಿದಳು. ಅವಳ ಪಾಲಿನ ಮದ್ದು ನಾನು ತಿಂದೆನೆಂದು ಗೊತ್ತಾದರೆ ಬೆತ್ತದ ಪೆಟ್ಟು ಖಂಡಿತ. ನಾನು ತಲೆ ತಗ್ಗಿಸಿದೆ. ಅವಳು ನನ್ನನ್ನು ಹಿಡಿದುಕೊಡಲಿಲ್ಲ. "ಹೂಂ" ಎಂದು ಹೋಗಿ ಮಲಗಿದಳು. ಅಂದು ಮಳೆ ಸ್ವಲ್ಪ ಬಿಟ್ಟಿತ್ತು, ಪಾಲದ ಮೇಲೆ ಜನ ಓಡಾಡುತ್ತಿದ್ದರು.

ಮೂರನೆಯ ದಿನ ಅವಳ ಕಣ್ಣು ಅರಿಸಿನದಂತಾಯಿತು, ಮೂತ್ರ ಕಪ್ಪಾಯಿತು. ಆಗ ನಾನು ಅಳುತ್ತಾ ಬಾಯಿಬಿಟ್ಟೆ. ಅಪ್ಪ ಹೊಡೆಯಲಿಲ್ಲ. ಕೊಡೆಯನ್ನೂ ಹಿಡಿಯದೆ ಹೊಳೆಗೆ ಓಡಿದರು. ಪಾಲ ಹಿಂದಿನ ಸಂಜೆಯೇ ಕೊಚ್ಚಿಹೋಗಿತ್ತು. ಆಚೆ ದಡಕ್ಕೆ ಕೂಗಿ ಕೂಗಿ ಅವರ ಗಂಟಲು ಕಟ್ಟಿತು. ಮಾರನೆಯ ಮಧ್ಯಾಹ್ನ ಅಕ್ಕ ತೀರಿಕೊಂಡಳು. ಚಳಿಜ್ವರ ಕೆಟ್ಟು ರಕ್ತವೇ ಹಾಗೆ ಹೋಗುತ್ತಿತ್ತು, ಮೊದಲ ದಿನವೇ ಡಾಕ್ಟರ ಬಳಿಗೆ ಕರೆತಂದಿದ್ದರೆ ಉಳಿಯುತ್ತಿದ್ದಳೇನೋ ಎಂದು ಬಹಳ ವರ್ಷಗಳ ಮೇಲೆ ಒಬ್ಬ ಡಾಕ್ಟರು ಹೇಳಿದರು.

ನಿಮಗೀಗ ಸಿಮೆಂಟಿನ ಸೇತುವೆ ಇದೆ, ಕರೆದರೆ ಆಂಬುಲೆನ್ಸ್ ಬರುತ್ತದೆ. ಮೊನ್ನೆ ಮಳೆ ಹಿಡಿಯುವ ಮೊದಲೇ ಆಶಾ ಕಾರ್ಯಕರ್ತೆ ಬಂದು "ಯಾರಿಗಾದ್ರೂ ಜ್ವರ ಉಂಟಾ?" ಎಂದಾಗ, ನೀವು ನಾಮುಂದು ತಾಮುಂದು ಎಂದು ಎಲ್ಲವನ್ನೂ ಹೇಳಿಬಿಟ್ಟಿರಿ, ಕದ್ದು ತಿಂದ ಮಾವಿನಕಾಯಿಯ ಸಮೇತ. ನನಗೆಷ್ಟು ಸಮಾಧಾನವಾಯಿತೆಂದು ನಿಮಗೆ ಗೊತ್ತಿಲ್ಲ. ನಮ್ಮ ಮನೆಗೆ ಹಾಗೆ ಕೇಳಿಕೊಂಡು ಯಾರೂ ಬರಲಿಲ್ಲ. ಬಂದಿದ್ದರೂ, ಆ ಬೆಳಿಗ್ಗೆ ನಾನು ನಿಜ ಹೇಳುತ್ತಿದ್ದೆನೇ? ಇವತ್ತಿಗೂ ಗೊತ್ತಿಲ್ಲ ಮಕ್ಕಳೇ.