ಗೇಟಿನ ಮೇಲಿನ ಅಧ್ಯಕ್ಷರು

ದ್ರಾಕ್ಷಾಯಣಮ್ಮನನ್ನು ಹೆದರಿಸಿದವರನ್ನು ನೊಣವಿನಕೆರೆಯಲ್ಲಿ ಯಾರೂ ಕಂಡಿಲ್ಲ. ಲಾರಿ ಡ್ರೈವರುಗಳೂ ಅವಳನ್ನು ಕಂಡರೆ ಬೀಡಿ ಆರಿಸುತ್ತಾರೆ. ಅಂಥವಳೇ ಒಂದು ಬೆಳಗ್ಗೆ ಹೆದರಿಬಿಟ್ಟಳು. ಅದೂ ಅವಳೇ ಆಸೆಪಟ್ಟು ಕಟ್ಟಿಸಿದ ಒಂದು ಫ್ಲೆಕ್ಸ್ ನೋಡಿ.

ಊರಾಚೆ ತಿಪಟೂರು ರಸ್ತೆಯಲ್ಲಿ ತೆಂಗಿನಕಾಯಿ ಪುಡಿ ಮಾಡುವ ಸಣ್ಣ ಫ್ಯಾಕ್ಟರಿಯೊಂದಿದೆ. ಗಂಡಸರು ಚಿಪ್ಪು ಬಿಡಿಸಿ ಕೊಟ್ಟ ಇಡೀ ಕಾಯಿಯ ಮೇಲಿನ ಕಂದು ಸಿಪ್ಪೆಯನ್ನು ಹೆರೆಯುವುದು ಹೆಂಗಸರ ಕೆಲಸ. ಕತ್ತಿ ಒಂದು ಎಳೆ ಆಳಕ್ಕೆ ಹೋದರೂ ಕಾಯಿ ತೂತಾಗಿ ನೀರೆಲ್ಲ ಮಡಿಲಿಗೆ ಬೀಳುತ್ತದೆ. ಗಂಡ ತೀರಿಕೊಂಡ ಮೂರನೇ ತಿಂಗಳಿಗೆ ಈ ಶೆಡ್ಡಿಗೆ ಬಂದ ದ್ರಾಕ್ಷಾಯಣಮ್ಮ ಇಪ್ಪತ್ತೆರಡು ವರ್ಷ ಅಲ್ಲೇ ಕೂತು ಹೆರೆದಳು. ಈಗ ಇಪ್ಪತ್ತಾರು ಹೆಂಗಸರಿಗೆ ಅವಳೇ ಮೇಸ್ತ್ರಿ. ಎಡಗೈ ಹೆಬ್ಬೆರಳಿನ ತುದಿ ಇಲ್ಲ. ಏನಾಯಿತೆಂದು ಕೇಳಿದವರಿಗೆಲ್ಲ, "ಅಮೆರಿಕದೋರು ತಿಂದ್ಕಂಡ್ರು" ಎಂದು ನಗುತ್ತಾಳೆ.

ಅವಳು ಹಾಗೆ ಹೇಳುವುದಕ್ಕೆ ಕಾರಣವಿತ್ತು. ಫ್ಯಾಕ್ಟರಿಯ ಪುಡಿಯಲ್ಲಿ ಮುಕ್ಕಾಲು ಪಾಲು ಹೋಗುತ್ತಿದ್ದುದು ಅಮೆರಿಕಕ್ಕೆ. ಎರಡು ಸಾವಿರದ ಇಪ್ಪತ್ತೈದರಲ್ಲಿ ಅಲ್ಲಿನ ಅಧ್ಯಕ್ಷರು ನಮ್ಮ ದೇಶದ ಸರಕಿನ ಮೇಲೆ ಸುಂಕ ಏರಿಸಿದ್ದೇ ತಡ, ಆರ್ಡರುಗಳು ಒಂದೊಂದಾಗಿ ನಿಂತುಹೋದವು. ಅಕ್ಟೋಬರ್ ಹೊತ್ತಿಗೆ ವಾರಕ್ಕೆ ಎರಡೇ ದಿನ ಕೆಲಸ. ಎಲ್ಲೋ ಒಬ್ಬರು ಸಹಿ ಹಾಕಿದರೆ ಇಲ್ಲಿ ಕಾಯಿ ಹೆರೆಯುವ ಓಬಮ್ಮನ ಕತ್ತಿ ತುಕ್ಕು ಹಿಡಿಯುತ್ತದೆ ಎಂದರೆ ಇದೆಂಥ ಲೋಕ ಎಂದು ದ್ರಾಕ್ಷಾಯಣಮ್ಮನಿಗೆ ಮೈಯೆಲ್ಲ ಉರಿಯುತ್ತಿತ್ತು.

ಆಗ ಫ್ಯಾಕ್ಟರಿ ಮಾಲೀಕ ಕಲ್ಲೇಶ್ ಒಂದು ಸುದ್ದಿ ತಂದ. ಕೆನಡಾ ದೇಶದಿಂದ ಖರೀದಿಯವರೊಬ್ಬರು ಖುದ್ದಾಗಿ ಬರುತ್ತಿದ್ದಾರೆ, ಹೆಸರು ಮಾರ್ಗರೆಟ್.

"ನೋಡಕ್ಕ, ಇವಮ್ಮ ಒಪ್ಪಿದ್ರೆ ಉಳೀತೀವಿ. ಇಲ್ಲಾಂದ್ರೆ ಶನಿವಾರ ಶೆಡ್ಡಿಗೆ ಬೀಗ" ಎಂದು ಹೇಳಿ, ಆಕೆಯನ್ನು ಕರೆತರಲು ಬೆಂಗಳೂರಿಗೆ ಹೋದ. ಸ್ವಾಗತದ ಏರ್ಪಾಡೆಲ್ಲ ದ್ರಾಕ್ಷಾಯಣಮ್ಮನ ತಲೆಗೆ ಬಂತು.

ಕೊಬ್ಬರಿ ಹಾರ ಮಾಡಿಸಿದಳು. ಆಮೇಲೆ ಫ್ಲೆಕ್ಸ್. ಈ ಕಡೆ ಫ್ಲೆಕ್ಸ್ ಇಲ್ಲದೆ ನಾಮಕರಣವೂ ಆಗುವುದಿಲ್ಲ. ಫ್ಲೆಕ್ಸ್ ಎಂದ ಮೇಲೆ ಅದಕ್ಕೊಂದು ಕ್ರಮವಿದೆ. ಬರುವ ಅತಿಥಿಯ ಫೋಟೋ ಮಧ್ಯದಲ್ಲಿ, ಅತಿಥಿಯ ಕಡೆಯ ದೊಡ್ಡವರ ಫೋಟೋ ಮೇಲ್ತುದಿಯಲ್ಲಿ. ರಸ್ತೆಗೆ ಒಂದು ಬುಟ್ಟಿ ಮಣ್ಣು ಹಾಕಿಸದವರ ಮುಖವನ್ನೂ ನಾವು ಹಲ್ಲು ಕಿರಿದು ಮೇಲೆ ಅಂಟಿಸುತ್ತೇವೆ. ಹಾಗಿರುವಾಗ ಆ ಜಾಗ ಖಾಲಿ ಬಿಡುವುದು ದ್ರಾಕ್ಷಾಯಣಮ್ಮನಿಗೆ ಅವಮರ್ಯಾದೆಯಾಗಿ ಕಂಡಿತು. ತಿಪಟೂರಿನ ಫ್ಲೆಕ್ಸ್ ಅಂಗಡಿಯ ಉಮರ್ ಫಾರೂಖ್‌ಗೆ, ಅಮೆರಿಕದ ಅಧ್ಯಕ್ಷರ ಫೋಟೋ ಹಾಕು ಎಂದಳು.

ಅವನು ಅನುಮಾನಿಸಿದ. "ಅಕ್ಕ, ಇವ್ರು ಕೆನಡಾದೋರು ಅಂತೀರಿ. ಈ ಫೋಟೋ ಸರಿಹೋಯ್ತದಾ?"

"ಅಕ್ಕಪಕ್ಕದೋರೇ ಕಣಪ್ಪ, ಎಲ್ಲ ಒಂದೇ ಮನೆ. ಆ ಯಪ್ಪಂಗೂ ನಮ್ ಮೇಲೆ ಕ್ವಾಪ ಬಂದದೆ. ಫೋಟೋ ಹಾಕವ್ರೆ ಅಂತ ಇವಮ್ಮ ಹೋಗಿ ಹೇಳಿದ್ರೆ ಇಳಿದ್ರೂ ಇಳೀಬೋದು. ದೊಡ್ಡದಾಗೇ ಹಾಕು."

ಅವಳು ಹೇಳಿದಂತೆ ಅವನು ದೊಡ್ಡದಾಗಿಯೇ ಹಾಕಿದ. ಗೇಟಿನ ಎರಡು ಕಂಬಗಳ ನಡುವೆ, ಒಳಗೆ ಹೋಗುವವರೆಲ್ಲ ತಲೆಯೆತ್ತಿ ನೋಡುವ ಹಾಗೆ, ಹಿಂದಿನ ಸಂಜೆಯೇ ತಂತಿಯಿಂದ ಬಿಗಿದು ಹೋದ.

ಬೆಳಗ್ಗೆ ಒಂಬತ್ತೂವರೆಗೆ ಆಫೀಸಿನ ಲೆಕ್ಕ ಬರೆಯುವ ಹುಡುಗಿ ಗಾನವಿ ಸ್ಕೂಟಿಯಿಂದ ಇಳಿದವಳು ಹೆಲ್ಮೆಟ್ ತೆಗೆಯುವುದನ್ನೂ ಮರೆತು ನಿಂತುಬಿಟ್ಟಳು.

"ಅಕ್ಕಾ, ಯಾರನ್ನ ಹಾಕ್ಸಿದ್ದೀರ ಮೇಲೆ? ಕೆನಡಾದೋರಿಗೆ ಈ ಮನುಷ್ಯನ ಕಂಡ್ರೆ ಆಗಲ್ಲ! ನಿಮ್ಮ ದೇಶ ನಮ್ಮದೊಂದು ರಾಜ್ಯ ಆಗ್ಲಿ ಅಂತ ಇವರು ಹೇಳಿದಾಗಿಂದ ಅಲ್ಲಿ ಎಷ್ಟೋ ಜನ ಅಮೆರಿಕದ ಸಾಮಾನು ಮುಟ್ತಿಲ್ಲ. ಹಣ್ಣಿನ ಮೇಲಿನ ಚೀಟಿ ಓದಿ ವಾಪಸ್ ಇಡ್ತಾರಂತೆ."

ದ್ರಾಕ್ಷಾಯಣಮ್ಮ ಫ್ಲೆಕ್ಸ್ ಕಡೆ ತಿರುಗಿದಳು. "ಅಂದ್ರೆ, ತಿಪಟೂರಿನೋರು ಬಂದು, ತುರುವೇಕೆರೆ ಇನ್ಮ್ಯಾಕೆ ನಮ್ದೊಂದು ಬೀದಿ ಅಂದಂಗಾ?"

"ಹಂಗೇ ಅನ್ಕೊಳ್ಳಿ."

ಅಷ್ಟರಲ್ಲಿ ಕಲ್ಲೇಶನ ಫೋನ್ ಬಂತು. ಕಾರು ಕೆ.ಬಿ. ಕ್ರಾಸ್ ದಾಟಿದೆ, ಇನ್ನು ಇಪ್ಪತ್ತು ನಿಮಿಷ. ದ್ರಾಕ್ಷಾಯಣಮ್ಮ ಶೆಡ್ಡಿನ ಕಡೆ ನೋಡಿದಳು. ಒಳಗೆ ಇಪ್ಪತ್ತಾರು ಜನ, ಇದ್ದುದರಲ್ಲೇ ಒಳ್ಳೆಯ ಸೀರೆಯುಟ್ಟು, ತಲೆಗೆ ಬಟ್ಟೆ ಕಟ್ಟಿಕೊಂಡು, ಕತ್ತಿ ಮಸೆದು ಕೂತಿದ್ದರು. ಅವರೆಲ್ಲರ ಅನ್ನಕ್ಕೆ ತನ್ನ ಕೈಯಾರೆ ಮಣ್ಣು ಹಾಕಿದೆನಲ್ಲ ಎನ್ನಿಸಿತು.

ಫ್ಲೆಕ್ಸ್ ಇಳಿಸಲೆಂದು ಏಣಿ ಹತ್ತಿದರೆ ತಂತಿ ಕೈಗೆ ಬಗ್ಗಲಿಲ್ಲ. ಹೆರೆಯುವ ಕತ್ತಿಯಿಂದ ಕುಯ್ದಳು, ಕತ್ತಿಯ ಬಾಯಿ ಹೋಯಿತು. ಉಮರ್ ಫಾರೂಖ್‌ಗೆ ಫೋನ್ ಮಾಡಿ, "ಬೇಗ ಬಾರಪ್ಪಾ, ನಿಂಗೆ ಕೈ ಮುಗೀತೀನಿ" ಎಂದಳು. ಅವಳು ಕೈ ಮುಗಿಯುತ್ತೇನೆ ಎಂದದ್ದನ್ನು ಗಾನವಿ ಮೊದಲ ಸಲ ಕೇಳಿದಳು. ಅಂಗಡಿಯ ಬಾಗಿಲನ್ನೂ ಎಳೆಯದೆ ಹೊರಟ ಉಮರ್ ಕಟಿಂಗ್ ಪ್ಲೇಯರ್ ಹಿಡಿದು ಬೈಕಿನಲ್ಲಿ ಬಂದಾಗ ಹದಿನೇಳು ನಿಮಿಷ ಕಳೆದಿತ್ತು. ಏಣಿ ಹತ್ತಿ ಎಡಗಡೆಯ ತಂತಿ ಕತ್ತರಿಸಿದ. ಫ್ಲೆಕ್ಸ್ ಒಂದು ಮಗ್ಗುಲಿಗೆ ಜೋತುಬಿತ್ತು. ಬಲಗಡೆಯದಕ್ಕೆ ಏಣಿ ಸರಿಸುವಾಗಲೇ ಕಾರು ಬಂದು ನಿಂತಿತು.

ಕಾರಿನಿಂದಿಳಿದಾಕೆಗೆ ಅರವತ್ತು ದಾಟಿರಬಹುದು. ಗಿಡ್ಡ ನರೆಗೂದಲು, ಹತ್ತಿಯ ಅಂಗಿ, ಕಾಲಲ್ಲಿ ಓಡಾಡಲು ಹಾಕುವ ಬೂಟು. ತಲೆಯೆತ್ತಿ ನೋಡಿದಳು. ಅರ್ಧ ಇಳಿದ ಫ್ಲೆಕ್ಸಿನಲ್ಲಿ ಅವಳ ಫೋಟೋ ಮಡಚಿಹೋಗಿತ್ತು. ಅಧ್ಯಕ್ಷರು ಮಾತ್ರ ಸಲೀಸಾಗಿ ಕಾಣುತ್ತಿದ್ದರು. ಆಕೆಯ ಮುಖ ಕತ್ತಿನಿಂದ ಹಿಡಿದು ಕೆಂಪಾಯಿತು. ಇಟ್ಟ ಹೆಜ್ಜೆಯನ್ನು ಹಿಂದಕ್ಕೆ ತೆಗೆದುಕೊಂಡಳು.

ಕಲ್ಲೇಶನ ಮುಖದಲ್ಲಿ ರಕ್ತವಿರಲಿಲ್ಲ. ಉಮರ್ ಫಾರೂಖನ ಕಡೆ ಬೆರಳು ಮಾಡಿ ಇಂಗ್ಲಿಷಿನಲ್ಲಿ ಏನೋ ಬಡಬಡಿಸಿದ.

"ಏನಂದ್ರೇ ಅದು?" ಎಂದು ದ್ರಾಕ್ಷಾಯಣಮ್ಮ ಗಾನವಿಯನ್ನು ಕೇಳಿದಳು.

"ಫ್ಲೆಕ್ಸ್ ಅಂಗಡಿಯೋನು ಕೇಳ್ದೆ ಮಾಡ್ಬಿಟ್ಟಿದ್ದಾನೆ, ಇವತ್ತಿಂದ ಇವನನ್ನ ಗೇಟಿನೊಳಕ್ಕೆ ಬಿಡಲ್ಲ ಅಂದ್ರು."

ಏಣಿಯ ಪಕ್ಕ ಉಮರ್ ಪ್ಲೇಯರ್ ಹಿಡಿದು ನಿಂತೇ ಇದ್ದ. ಅವನು ಒಂದು ಮಾತೂ ಆಡಲಿಲ್ಲ. ಅವನು ಬಾಯಿಬಿಟ್ಟಿದ್ದರೆ ದ್ರಾಕ್ಷಾಯಣಮ್ಮ ಸುಮ್ಮನಿರುತ್ತಿದ್ದಳೋ ಏನೋ, ಹೇಳಲಾರೆ. ಅವನು ಸುಮ್ಮನಿದ್ದದ್ದನ್ನು ಅವಳ ಕೈಲಿ ತಡೆಯಲಾಗಲಿಲ್ಲ. ಮುಂದೆ ಬಂದು ಆ ಹೆಂಗಸಿನೆದುರು ನಿಂತಳು.

"ಗಾನವಿ, ಹೇಳೇ ಇವ್ರಿಗೆ. ಹಾಕ್ಸಿದ್ದು ನಾನು. ಆ ಹುಡ್ಗ ಬ್ಯಾಡ ಅಂದ, ನಾನು ಕೇಳ್ನಿಲ್ಲ. ನಮ್ಮಲ್ಲಿ ಬಂದೋರ ಕಡೆ ದೊಡ್ಡೋರ ಫೋಟೋ ಹಾಕೋದು ಮರ್ವಾದೆ. ನೀವೂ ಅವ್ರೂ ಒಂದೇ ಅಂದ್ಕಂಡಿದ್ದೆ."

ಕಲ್ಲೇಶ್ ಕಣ್ಣಲ್ಲೇ ಸುಟ್ಟ. ಗಾನವಿ ತೊದಲುತ್ತಾ ಇಂಗ್ಲಿಷಿಗೆ ಹೇಳಿದಳು. ಮಾರ್ಗರೆಟ್ ಜೋತುಬಿದ್ದ ಫ್ಲೆಕ್ಸನ್ನೂ ದ್ರಾಕ್ಷಾಯಣಮ್ಮನನ್ನೂ ಒಂದೊಂದು ಸಲ ನೋಡಿದಳು. ಆಮೇಲೆ ಆಡಿದ ಮಾತು ಚಿಕ್ಕದು.

"ನಾವೂ ಹಂಗೇ ಅನ್ಕೊಂಡಿದ್ವಿ ಅಂತಿದ್ದಾರೆ ಅಕ್ಕ" ಎಂದಳು ಗಾನವಿ.

ಆದರೂ ಆ ಮುಖದ ಕೆಳಗೆ ಹಾದು ಬರಲು ಆಕೆ ಒಪ್ಪಲಿಲ್ಲ. ಹಿಂದಿನ ದಾರಿಯಲ್ಲಿ, ಸುಲಿದ ತೆಂಗಿನ ಮಟ್ಟೆ ರಾಶಿಯ ಪಕ್ಕದಿಂದ ಕರೆದುಕೊಂಡು ಹೋಗಬೇಕಾಯಿತು. ನಡೆಯುತ್ತಾ ಆಕೆ ಮಾತಾಡಿದಳು, ಗಾನವಿ ಹೇಳುತ್ತಾ ಹೋದಳು. ಆಕೆಯದು ಹೊಳೆಯ ದಡದ ಊರು, ಆಚೆ ದಡವೇ ಅಮೆರಿಕ. ಚಿಕ್ಕಂದಿನಲ್ಲಿ ಅವರ ತಾಯಿ ಅಡುಗೆಮನೆಯ ಗೋಡೆಗೆ, ಗುಂಡೇಟಿಗೆ ಸತ್ತ ಒಬ್ಬ ಅಮೆರಿಕದ ಅಧ್ಯಕ್ಷರ ಫೋಟೋ ಹಾಕಿದ್ದರಂತೆ. ತಮ್ಮ ದೇಶದ ಪ್ರಧಾನಿಯ ಫೋಟೋ ಹಾಕಬೇಕೆಂದು ಆ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಅಮೆರಿಕದ ಚುನಾವಣೆಯ ಫಲಿತಾಂಶವನ್ನು ತಮ್ಮದೇ ಎಂಬಂತೆ ಟಿ.ವಿ. ಮುಂದೆ ಕೂತು ನೋಡುವುದು, ಗೆದ್ದವರಿಗಾಗಿ ಕುಣಿಯುವುದು, ಸೋತವರಿಗಾಗಿ ಮರುಗುವುದು. ಓಟು ಮಾತ್ರ ಇಲ್ಲ. ಆಕೆಯ ತಂಗಿಯನ್ನು ಆಚೆ ದಡಕ್ಕೇ ಕೊಟ್ಟಿದೆ. ಈ ಸಲ ತಂಗಿಯ ಓಟು ಈ ಅಧ್ಯಕ್ಷರಿಗೇ.

"ಆ ಮನುಷ್ಯನ ಮೇಲಿನ ಸಿಟ್ಟು ಅವರು ಇಳಿದ ದಿನ ಹೋಗುತ್ತಂತೆ. ತಂಗಿ ಮೇಲಿಂದು ಹೋಗಲ್ವಂತೆ. ಹೊಳೆ ಸೇತುವೆ ದಾಟಿ ತಂಗಿ ಮನೆಗೆ ಹೋಗಿ ಹತ್ತು ತಿಂಗಳಾಯ್ತಂತೆ ಅಕ್ಕ."

"ಒಂದೇ ಹೊಟ್ಟೆ ಕೂಸ್ಗಳಲ್ವಾ" ಎಂದಳು ದ್ರಾಕ್ಷಾಯಣಮ್ಮ. ಅವಳಿಗೆ ನಿಜವಾಗಿ ಮರುಕ ಹುಟ್ಟಿತು. "ಓಟು ನಮ್ಗೂ ಇಲ್ಲ ಕಣವ್ವ ಅಂತ ಹೇಳು. ಆದ್ರೂ ಮೊದ್ಲು ನಮ್ ಶೆಡ್ಡೇ ಮುಚ್ಚೋದು."

ಮಾರ್ಗರೆಟ್ ಅವಳ ಮುಖ ನೋಡಿ ತಲೆದೂಗಿದಳು. ಶೆಡ್ಡಿನೊಳಗೆ ಓಬಮ್ಮ ಒಂದೂ ಹನಿ ನೀರು ಸೋರದಂತೆ ಕಾಯಿ ಹೆರೆಯುವುದನ್ನು ನಿಂತು ನೋಡಿದಳು. ಹಸಿ ಚೂರೊಂದನ್ನು ಬಾಯಿಗಿಟ್ಟುಕೊಂಡಳು. ಇದೇ ಪುಡಿಯನ್ನು ಹನ್ನೊಂದು ವರ್ಷದಿಂದ ತಾವು ತಿನ್ನುತ್ತಿದ್ದೇವೆ, ಅಮೆರಿಕದ ಕಂಪನಿಯ ಚೀಲದಲ್ಲಿ ಬರುತ್ತಿತ್ತು, ಇನ್ನು ನೇರವಾಗಿ ಇಲ್ಲಿಂದಲೇ ತರಿಸುತ್ತೇವೆ ಎಂದಳು. ಕಲ್ಲೇಶನ ಜೊತೆ ಆಫೀಸಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೆಂಗಸರು ಆಗಲೇ ಪಿಸುಪಿಸು ನಗುತ್ತಿದ್ದರು. ಅವರಲ್ಲಿ ಚಿಕ್ಕವಳಾದ ಸುನಂದಾ ಕೊಬ್ಬರಿ ಹಾರವನ್ನು ದ್ರಾಕ್ಷಾಯಣಮ್ಮನ ಕೊರಳಿಗೇ ಹಾಕಿಬಿಟ್ಟಳು.

ಒಂದು ಗಂಟೆಯ ಮೇಲೆ ಕಲ್ಲೇಶ್ ಹೊರಗೆ ಬಂದು ಅವಳನ್ನು ಪಕ್ಕಕ್ಕೆ ಕರೆದ.

"ಸಹಿ ಆಯ್ತಕ್ಕ. ಆದ್ರೆ ಕೆನಡಾದಲ್ಲಿ ಇರೋ ಜನ ಅಮೆರಿಕದ ಹತ್ತರಲ್ಲೊಂದು ಪಾಲು. ಎರಡು ತಿಂಗ್ಳಿಗೆ ಒಂದು ಕಂಟೇನರು. ಎಂಟು ಜನ ಇದ್ರೆ ಸಾಕು. ಯಾರ್ಯಾರು ಅಂತ ಸಂಜೆಗೆ ನೀನೇ ಹೇಳು, ನಿಂಗೇ ಗೊತ್ತಿರೋದು."

"ಎಂಟಾ? ಇಪ್ಪತ್ತಾರು ಜನ ಅವ್ರಲ್ಲಪ್ಪ."

"ಶನಿವಾರ ಬೀಗ ಹಾಕೋದು ತಪ್ತಲ್ಲ" ಎಂದು ಅವನು ಹೊರಟುಹೋದ.

ಸಂಜೆಯವರೆಗೆ ಮುಚ್ಚಿಡಬಹುದಿತ್ತು. ಅದು ಅವಳಿಂದಾಗುವ ಕೆಲಸವಲ್ಲ. ಹಾರ ತೆಗೆದು ಮೇಜಿನ ಮೇಲಿಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದಳು. "ಎಂಟು ಜನಕ್ಕೆ ಮಾತ್ರ ಕೆಲ್ಸ ಅಂತೆ ಕಣ್ರೇ. ಮಿಕ್ಕೋರಿಗೆ ಅಮೆರಿಕದ ಕಡೆ ಬಾಗ್ಲು ತೆರೆಯೋಗಂಟ ಇಲ್ಲ."

ಕತ್ತಿಗಳು ನಿಂತವು. ಸುನಂದಾಳ ಬಾಯಲ್ಲಿ ನಗು ಇನ್ನೂ ಪೂರ್ತಿ ಆರಿರಲಿಲ್ಲ.

"ಅಮೆರಿಕದಲ್ಲಿ ಎಲೆಕ್ಷನ್ನು ಯಾವಾಗ್ಲೇ ಗಾನವಿ?" ಎಂದಳು ಅವಳು.

"ಇನ್ನೂ ಮೂರು ವರ್ಷ ಐತೆ."

"ಮೂರ್ ವರ್ಸ" ಎಂದು ಓಬಮ್ಮ ಬೆರಳು ಮಡಚಿದಳು. "ಅಷ್ಟೊತ್ಗೆ ನಂಗೆ ಅರವತ್ತೆಂಟು."

ನೋಡಬಾರದೆಂದುಕೊಂಡರೂ ದ್ರಾಕ್ಷಾಯಣಮ್ಮನ ಕಣ್ಣು ಒಬ್ಬೊಬ್ಬರ ಕೈಗಳ ಮೇಲೆ ಹರಿಯಿತು. ಯಾರದು ಚುರುಕು, ಯಾರದು ನಿಧಾನ, ಯಾರ ಮನೆಯಲ್ಲಿ ಇನ್ನೊಬ್ಬರ ದುಡಿಮೆ ಇದೆ, ಯಾರಿಗೆ ಇದೊಂದೇ ಗತಿ ಎಂಬುದೆಲ್ಲ ಅವಳಿಗೆ ಗೊತ್ತಿತ್ತು. ಅವಳಿಗೆ ಗೊತ್ತಿದೆ ಎಂಬುದು ಅವರಿಗೂ ಗೊತ್ತಿತ್ತು. ಮೊದಲ ಹೆಸರು ಹೇಳಲು ಅವಳು ಬಾಯಿ ತೆರೆದಾಗ ಇಪ್ಪತ್ತಾರು ಜನರೂ ತಲೆ ತಗ್ಗಿಸಿಕೊಂಡರು.