ಮೈಕ್ ಮುಚ್ಚಿದ ಮೇಷ್ಟ್ರಮ್ಮ

ಈ ಬೆಳಗ್ಗೆ ಮಂಜು ಕಿಟಕಿಗೇ ಅಂಟಿಕೊಂಡಿದೆ; ಎದುರುಮನೆಯೂ ಕಾಣದು. ಅಡುಗೆಮನೆಯ ಮೂಲೆಯಲ್ಲಿ ಡಬ್ಬಿಗಳಿಗೆ ಒರಗಿಸಿಟ್ಟ ಲ್ಯಾಪ್‌ಟಾಪ್ ಮುಂದೆ ಮೇಷ್ಟ್ರಮ್ಮ ಕೂತಿದ್ದಾರೆ. ಆನ್‌ಲೈನ್ ಪಾಠಕ್ಕೆ ಪರದೆಯ ಮೇಲೆ ಒಬ್ಬೊಬ್ಬರಾಗಿ ಮೂಡುತ್ತಿದ್ದಾರೆ: ಹೊಲಿಗೆಯವರು, ಕಾವಲುಗಾರರು, ಮೊಮ್ಮಗುವನ್ನು ತೊಡೆಯ ಮೇಲೆ ಹಾಕಿಕೊಂಡ ಅಜ್ಜಿ. ಎಂದೋ ಶಾಲೆ ಬಿಟ್ಟವರು, ಈಗ ಹತ್ತನೇ ತರಗತಿ ಪರೀಕ್ಷೆಗೆ ಕಟ್ಟಿದವರು. ಮೇಷ್ಟ್ರಮ್ಮನ ಕಣ್ಣು ಹುಡುಕುತ್ತಿರುವುದು ಒಬ್ಬರನ್ನೇ. ಆಸ್ಪತ್ರೆಯ ಬಟ್ಟೆ ಒಗೆಯುವ ದೊಡ್ಡಣ್ಣ ವಾರದಿಂದ ಬಂದಿಲ್ಲ. ಪರೀಕ್ಷೆ ಹತ್ತಿರವಿದೆ, ಪಾಸಾದರಷ್ಟೇ ಅವರಿಗೆ ಮೇಲ್ವಿಚಾರಕರ ಹುದ್ದೆ.

ಮೇಷ್ಟ್ರಮ್ಮ ಮೊದಲು ಚಿಕ್ಕಮಕ್ಕಳಿಗೆ ಪಾಠ ಹೇಳುತ್ತಿದ್ದವರು. ಆ ಶಾಲೆ ಹೋಯಿತು, ನಾಲಿಗೆಯ ಅಭ್ಯಾಸ ಹೋಗಲಿಲ್ಲ. ಕಳೆದ ವಾರ ದೊಡ್ಡಣ್ಣ ಏನೋ ಕೇಳಲು ಬಾಯಿ ತೆರೆದಾಗ ಹಿಂದೆ ಒಗೆಯುವ ಯಂತ್ರ ಗಡಗಡ ಎಂದಿತು. “ಏನ್ರೀ ಇದು ಸಂತೆ? ಇಷ್ಟು ವಯಸ್ಸಾದ್ರೂ ಗೊತ್ತಾಗಲ್ವಾ?” ಎಂದು ಮೇಷ್ಟ್ರಮ್ಮ ಗದರಿ, ಇಲ್ಲಿಂದಲೇ ಅವರ ಮೈಕ್ ಮುಚ್ಚಿಬಿಟ್ಟರು. ಎಲ್ಲರೂ ನೋಡುತ್ತಿದ್ದರು.

“ನೆನೆಸ್ಕೊಂಡ್ರೆ ಈಗ್ಲೂ ಮುಖ ಸುಡುತ್ತೆ,” ಎನ್ನುತ್ತಾರೆ ಮೇಷ್ಟ್ರಮ್ಮ, ತಮ್ಮ ಮೈಕ್ ಮುಚ್ಚಿಕೊಂಡು. “ತಕ್ಷಣ ತೆರೆಯೋಕೆ ಹೋದೆ. ಆಗಲ್ಲ. ಮುಚ್ಚೋದು ನನ್ನ ಕೈಲಿದೆ, ತೆರೆಯೋದು ಅವರ ಕೈಲೇ.”

ತರಕಾರಿ ಹೆಚ್ಚುತ್ತಿರುವ ಅತ್ತೆ ಸುಮ್ಮನಿರುವವರಲ್ಲ. “ಮೀಸೆ ನರೆತವರನ್ನೂ ಬೆಂಚಿನ ಮೇಲೆ ನಿಲ್ಲಿಸ್ತೀಯಲ್ಲೇ ತಾಯಿ! ದಿನಾ ದೇವರಿಗೆ ಕೈ ಮುಗಿಯೋದು ಯಾತಕ್ಕೆ?”

“ಫೋನ್ ಮಾಡಿ ತಪ್ಪಾಯ್ತು ಅಂದೆನಲ್ಲ ಅತ್ತೆ. ಪರವಾಗಿಲ್ಲ ಮೇಡಂ, ನಮ್ಮ ಕಡೆ ಗಲಾಟೆನೇ ಜಾಸ್ತಿ ಅಂದ್ರು.”

“ಬೀದೀಲಿ ಬಡಿದು ಕೋಣೇಲಿ ಸವರಿದ್ರೆ ಆಯ್ತಾ?”

ಮೇಷ್ಟ್ರಮ್ಮನ ತಲೆ ತಗ್ಗುತ್ತದೆ. ಬೈದವರನ್ನು ಮರೆಯಬಹುದು; ಬೈಸಿಕೊಂಡೂ ನಮ್ಮದೇ ತಪ್ಪೆನ್ನುವವರ ಎದುರು ಮುಖ ಎತ್ತುವುದು ಕಷ್ಟ.

ಪಾಠ ಅರ್ಧವಾದಾಗ ಪರದೆಯ ಅಂಚಿನಲ್ಲಿ ಕಪ್ಪು ಚೌಕವೊಂದು ಮೂಡುತ್ತದೆ. ದೊಡ್ಡಣ್ಣ. ಮುಖವಿಲ್ಲ, ದನಿಯಿಲ್ಲ. ಮೇಷ್ಟ್ರಮ್ಮ ಲೆಕ್ಕ ನಿಲ್ಲಿಸುತ್ತಾರೆ.

“ಎಲ್ಲರೂ ಸ್ವಲ್ಪ ಕೇಳಿ. ಅವತ್ತು ದೊಡ್ಡಣ್ಣ ಪ್ರಶ್ನೆ ಕೇಳ್ತಿದ್ರು. ಗಲಾಟೆ ಮಾಡಿದ್ದು ಮೆಷೀನಲ್ಲ, ನಾನು. ನಿಮ್ಮೆಲ್ಲರ ಮುಂದೆ ಅವರ ಬಾಯಿ ಮುಚ್ಚಿಸ್ದೆ. ತಪ್ಪು ನಂದು. ದೊಡ್ಡಣ್ಣ, ಆ ಪ್ರಶ್ನೆ ಕೇಳಿ. ಕಾಯ್ತೀವಿ.”

ಅತ್ತೆಯ ಚಾಕು ನಿಂತಿದೆ. ಕೊನೆಗೆ ಗಡಗಡ ಸದ್ದು ಅಡುಗೆಮನೆ ತುಂಬುತ್ತದೆ.

“ಕೇಳಿಸ್ತಿದ್ಯಾ ಮೇಡಂ?”

“ಕೇಳಿಸ್ತಿದೆ. ಹೇಳಿ.”

“ಅಲ್ಲ, ಮೈನಸ್ಸನ್ನ ಮೈನಸ್ಸಿಂದ ಗುಣಿಸಿದ್ರೆ ಪ್ಲಸ್ ಅಂತೀರಿ. ಇಲ್ಲದ್ದಕ್ಕೆ ಇಲ್ಲದ್ದು ಸೇರಿ ಇದ್ದದ್ದು ಹೆಂಗಾಗುತ್ತೆ?”

ಅಜ್ಜಿ ಕಿಸಕ್ಕೆಂದು ನಗುತ್ತಾರೆ: “ನಂಗೂ ಅದೇ ಅನುಮಾನ ಕಣಪ್ಪ!”

ಮೇಷ್ಟ್ರಮ್ಮ ಉತ್ತರಕ್ಕೆ ಅವಸರಪಡುವುದಿಲ್ಲ. ಗದ್ದಲದಲ್ಲಿ ಯಾರಿಗಾದರೂ ತಪ್ಪಿಹೋಗಿರಬಹುದೆಂದು, “ದೊಡ್ಡಣ್ಣ ಕೇಳ್ತಿರೋದು ಇದು,” ಎಂದು ಆ ಪ್ರಶ್ನೆಯನ್ನು ಒಂದಕ್ಷರ ಬಿಡದೆ ಎಲ್ಲರೆದುರು ಮೆಲ್ಲಗೆ ಹೇಳುತ್ತಾರೆ.